ಸಮುದ್ರ ಕಾಣದ ಊರಿನ ಮಗು ಹಾಯಿದೋಣಿ ಪಂದ್ಯ ಕಲಿಯಬಹುದೇ?

ಪ್ರಶ್ನೆ: ನಾವು ಕಲಬುರಗಿಯವರು. ಕಳೆದ ಮಳೆಗಾಲದಲ್ಲಿ ಹೈದರಾಬಾದಿನ ಅಕ್ಕನ ಮನೆಗೆ ಹೋಗಿದ್ದಾಗ, ಹುಸೇನ್ ಸಾಗರದಲ್ಲಿ ಮಕ್ಕಳ ಹಾಯಿದೋಣಿ ಪಂದ್ಯ ನಡೆಯುತ್ತಿತ್ತು. ಅದನ್ನು ನೋಡಿದ ದಿನದಿಂದ ನನ್ನ ಹನ್ನೊಂದು ವರ್ಷದ ಮಗಳು ತಾನೂ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ. ಅಲ್ಲಿ ದೋಣಿಗಳು ಗಾಳಿಗೆ ಎದುರಾಗಿ ಹೋಗುತ್ತಿದ್ದುದು ಹೇಗೆಂದು ನಮಗೆ ತಿಳಿಯಲಿಲ್ಲ. ಎಲ್ಲರಿಗಿಂತ ಮುಂಚೆ ಗುರಿ ಮುಟ್ಟಿದ ಹುಡುಗನ ಹೆಸರು ಗೆದ್ದವರ ಪಟ್ಟಿಯಲ್ಲಿ ಇರಲೇ ಇಲ್ಲ. ನ್ಯೂಜಿಲೆಂಡಿನಂಥ ಕಡಲ ನಾಡಿನವರ ಈ ಆಟವನ್ನು ನಮ್ಮ ಊರಿನ ಮಗು ಕಲಿಯುವುದು ನಿಜಕ್ಕೂ ಆಗುವ ಮಾತೇ, ಇಲ್ಲವೇ ಇಲ್ಲದ ಆಸೆ ಹುಟ್ಟಿಸಿದಂತಾಗುತ್ತದೆಯೇ?

ಉತ್ತರ: ಆಗುವ ಮಾತು. ಹದಿನೈದು ವರ್ಷದವರೆಗಿನ ಕಲಿಕೆಗೆ ಸಮುದ್ರ ಬೇಕಿಲ್ಲ. ವಿಶಾಲವಾದ ಕೆರೆ, ಬಲ್ಲ ಗುರು ಮತ್ತು ಪಕ್ಕದಲ್ಲೇ ಓಡಾಡುವ ರಕ್ಷಣಾ ದೋಣಿ ಇದ್ದರೆ ಸಾಕು. ಅದರ ಮೇಲಿನ ಹಂತಕ್ಕೆ ಸಮುದ್ರ ಬೇಕೇ ಬೇಕು ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ನಾನು ಕೃಷ್ಣೆಯ ದಂಡೆಯ ಮೇಲಿನ, ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಒಂದು ಹಳ್ಳಿಯಲ್ಲಿ ಹುಟ್ಟಿದವನು. ಸೈನ್ಯಕ್ಕೆ ಸೇರಿ ಸಿಕಂದರಾಬಾದಿಗೆ ಹೋಗುವವರೆಗೆ ಹಾಯಿ ಕಟ್ಟಿದ ದೋಣಿಯನ್ನೇ ಕಂಡಿರಲಿಲ್ಲ. ಸಮುದ್ರವನ್ನು ಮೊದಲ ಸಲ ನೋಡಿದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ಮುಂಬೈಯಲ್ಲಿ. ಆ ಹೊತ್ತಿಗಾಗಲೇ ನಾಲ್ಕು ವರ್ಷ ಹುಸೇನ್ ಸಾಗರದಲ್ಲಿ ಪಂದ್ಯ ಆಡಿದ್ದೆ. ಮುಂದೆ ಮಕ್ಕಳಿಗೆ ಕಲಿಸಿದೆ, ತೀರ್ಪುಗಾರರ ಮೇಜಿನಲ್ಲೂ ಕುಳಿತೆ. ಆದ್ದರಿಂದ ನಿಮ್ಮ ಮಗಳ ಹಟ ನನಗೆ ಅರ್ಥವಾಗುತ್ತದೆ.

ಈ ಆಟದ ಮೊದಲ ಪಾಠ ಗಾಳಿಯದು, ನೀರಿನದಲ್ಲ. ನಮ್ಮಪ್ಪ ಜೋಳದ ರಾಶಿ ತೂರುವಾಗ ಮೂರು ಕಾಲಿನ ಎತ್ತರದ ಮಣೆಯ ಮೇಲೆ ನಿಂತು, ಮೊರ ಎತ್ತುವ ಮುನ್ನ ಒಂದು ಚಿಟಿಕೆ ಹೊಟ್ಟನ್ನು ಬೆರಳ ಸಂದಿಯಿಂದ ಉದುರಿಸಿ ನೋಡುತ್ತಿದ್ದರು. ಹೊಟ್ಟು ಎತ್ತ ಹಾರಿತು, ಎಷ್ಟು ದೂರ ಬಿತ್ತು ಎಂಬುದನ್ನು ಕಂಡ ಮೇಲೆಯೇ ಕಾಳು ಸುರಿಯುತ್ತಿದ್ದರು. ಗಾಳಿ ತುಸು ಬಡಗಣಕ್ಕೆ ಹೊರಳಿತೆಂದರೆ ಮಣೆಯನ್ನೂ ಹೊರಳಿಸುತ್ತಿದ್ದರು. ಗಾಳಿ ಸತ್ತರೆ ಮೊರವನ್ನು ಎದೆಗೆ ಆನಿಸಿಕೊಂಡು, ಕಿವಿಯ ಹಿಂದೆ ತಂಪು ತಾಗುವವರೆಗೆ ಕಾಯುತ್ತಿದ್ದರು. ಹಾಯಿದೋಣಿಯಲ್ಲಿ ಕುಳಿತ ಮಗು ಮಾಡುವುದೂ ಇದನ್ನೇ. ಹಾಯಿಯ ಬಟ್ಟೆಗೆ ಉಲ್ಲನ್ನಿನ ಒಂದೊಂದು ಗೇಣಿನ ಎಳೆ ಅಂಟಿಸಿರುತ್ತಾರೆ. ಎರಡೂ ಬದಿಯ ಎಳೆಗಳು ಹಿಂದಕ್ಕೆ ನೆಟ್ಟಗೆ ಹಾರುತ್ತಿದ್ದರೆ ದೋಣಿ ಸರಿಯಾದ ಕೋನದಲ್ಲಿದೆ ಎಂದರ್ಥ. ಒಂದು ಎಳೆ ಒದ್ದಾಡಿದರೆ ಚುಕ್ಕಾಣಿಯನ್ನೋ ಹಾಯಿಯ ಹಗ್ಗವನ್ನೋ ತಿದ್ದಬೇಕು. ಗಾಳಿ ಬಂದಾಗ ತೂರಿಕೋ ಎಂಬ ಮಾತನ್ನು ನಾನು ಮಕ್ಕಳಿಗೆ ಗಾದೆಯಾಗಿ ಹೇಳಿಕೊಟ್ಟಿಲ್ಲ, ತಂತ್ರವಾಗಿ ಹೇಳಿಕೊಟ್ಟಿದ್ದೇನೆ.

ಇನ್ನು ಗಾಳಿಗೆ ಎದುರಾಗಿ ಹೋಗುವ ಸಂಗತಿ. ನೇರವಾಗಿ ಎದುರು ಯಾವ ಹಾಯಿದೋಣಿಯೂ ಹೋಗಲಾರದು. ಗಾಳಿ ಬರುವ ದಿಕ್ಕಿನ ಎರಡೂ ಮಗ್ಗುಲಿಗೆ ಸುಮಾರು 45 ಡಿಗ್ರಿಯಷ್ಟು ಜಾಗ ಅದಕ್ಕೆ ಮುಚ್ಚಿದ ಬಾಗಿಲು. ಭಾರ ಹೇರಿದ ಎತ್ತಿನ ಬಂಡಿಯನ್ನು ಕಡಿದಾದ ಏರಿನಲ್ಲಿ ಅಡ್ಡಡ್ಡ ಹೊಡೆದು ಹತ್ತಿಸುವಂತೆ, ದೋಣಿಯನ್ನು ಒಮ್ಮೆ ಎಡ ಓರೆಗೆ, ಒಮ್ಮೆ ಬಲ ಓರೆಗೆ ನಡೆಸುತ್ತಾ ಗಾಳಿಯ ಕಡೆಗೆ ಏರಬೇಕು. ಹೀಗೆ ಮೂತಿಯನ್ನು ಗಾಳಿಗೆ ಅಡ್ಡಹಾಯಿಸಿ ಓರೆ ಬದಲಿಸುವುದನ್ನು ಟ್ಯಾಕ್ ಎನ್ನುತ್ತಾರೆ. ಓರೆಯಾಗಿಯಾದರೂ ಮುಂದೆ ಹೋಗುವುದು ಹೇಗೆಂಬುದಕ್ಕೆ ಉತ್ತರ ದೋಣಿಯ ಹೊಟ್ಟೆಯ ಕೆಳಗಿದೆ. ನಮ್ಮ ಕೃಷ್ಣಾ, ಭೀಮಾ ನದಿಗಳ ಹರಿಗೋಲು ದುಂಡಗೆ, ತಳ ಚಪ್ಪಟೆಯಾಗಿರುವುದರಿಂದ ಹುಟ್ಟು ಬಿಟ್ಟರೆ ಸುತ್ತುತ್ತದೆ, ಗಾಳಿ ತಳ್ಳಿದತ್ತ ಜಾರುತ್ತದೆ. ಪಂದ್ಯದ ದೋಣಿಯ ನಡುವಿನಿಂದ ಒಂದು ಹಲಗೆ ನೀರಿನೊಳಕ್ಕೆ ಇಳಿದಿರುತ್ತದೆ. ಉಬ್ಬಿದ ಹಾಯಿಯ ಎರಡು ಬದಿಗಳಲ್ಲಿ ಗಾಳಿಯ ಒತ್ತಡ ಬೇರೆ ಬೇರೆಯಾಗಿ ಹಾಯಿ ಒಂದು ಕಡೆಗೆ ಸೆಳೆಯಲ್ಪಡುತ್ತದೆ. ಆ ಸೆಳೆತದಲ್ಲಿ ಹೆಚ್ಚಿನ ಪಾಲು ಪಕ್ಕಕ್ಕೆ, ಸ್ವಲ್ಪ ಪಾಲು ಮುಂದಕ್ಕೆ. ಪಕ್ಕಕ್ಕೆ ಜಾರುವುದನ್ನು ನೀರೊಳಗಿನ ಹಲಗೆ ತಡೆಯುತ್ತದೆ, ಉಳಿದ ದಾರಿ ಮುಂದಿನದೊಂದೇ. ಒದ್ದೆಯಾದ ಹುಣಸೆ ಬೀಜವನ್ನು ಎರಡು ಬೆರಳ ನಡುವೆ ಒತ್ತಿ ನೋಡಲು ಮಗಳಿಗೆ ಹೇಳಿ. ಬೆರಳುಗಳು ಒತ್ತುವುದು ಪಕ್ಕದಿಂದ, ಬೀಜ ಚಿಮ್ಮುವುದು ಮುಂದಕ್ಕೆ. ಒಂದು ಬೆರಳು ಹಾಯಿ, ಇನ್ನೊಂದು ಆ ಹಲಗೆ.

ನೀವು ಕಂಡ ಆ ಹುಡುಗ ಮೊದಲು ಮುಟ್ಟಿಯೂ ಪಟ್ಟಿಯಲ್ಲಿ ಇರದಿದ್ದುದಕ್ಕೆ ಕಾರಣ ಹೆಚ್ಚಾಗಿ ಪಂದ್ಯದ ಆರಂಭದಲ್ಲಿರುತ್ತದೆ. ಓಟದ ಸ್ಪರ್ಧೆಯಂತೆ ಇಲ್ಲಿ ಗೆರೆಯ ಹಿಂದೆ ನಿಂತು ಕಾಯುವಂತಿಲ್ಲ, ಏಕೆಂದರೆ ನೀರಿನ ಮೇಲೆ ದೋಣಿ ನಿಲ್ಲುವುದಿಲ್ಲ. ತೀರ್ಪುಗಾರರ ದೋಣಿಗೂ ದೂರದ ಒಂದು ತೇಲುಗುರುತಿಗೂ ನಡುವೆ ಕಣ್ಣಿಗೆ ಕಾಣದ ಗೆರೆ ಇರುತ್ತದೆ. ಐದು ನಿಮಿಷ ಇರುವಾಗ ಒಂದು ಬಾವುಟ ಏರಿ ಕೊಂಬು ಊದುತ್ತದೆ. ನಾಲ್ಕು ನಿಮಿಷಕ್ಕೆ ಎರಡನೆಯ ಬಾವುಟ ಏರುತ್ತದೆ. ಒಂದು ನಿಮಿಷಕ್ಕೆ ಅದು ಇಳಿಯುತ್ತದೆ. ಸೊನ್ನೆಗೆ ಮೊದಲ ಬಾವುಟ ಇಳಿದು ಪಂದ್ಯ ಆರಂಭವಾಗುತ್ತದೆ. ಆ ಐದು ನಿಮಿಷ ನಲವತ್ತು ಮಕ್ಕಳು ಕೈಗಡಿಯಾರ ನೋಡುತ್ತಾ, ಹಾಯಿ ಸಡಿಲಿಸಿ ತಡೆಯುತ್ತಾ, ಒಬ್ಬರ ಮಗ್ಗುಲಿಗೆ ಒಬ್ಬರು ಜಾಗ ಕಾಯ್ದುಕೊಳ್ಳುತ್ತಾ ಸುಳಿದಾಡುತ್ತಿರುತ್ತಾರೆ. ಸೊನ್ನೆಯಾದಾಗ ದೋಣಿಯ ಮೂತಿ ಗೆರೆಗೆ ಒಂದು ಮೊಳ ಹಿಂದಿರಬೇಕು, ಅದೂ ಪೂರ್ಣ ವೇಗದಲ್ಲಿ. ಒಂದು ಮೊಳ ಮುಂದಿದ್ದರೂ ಆ ಆರಂಭ ಸಲ್ಲದು. ಆಗ ನೀಲಿ ಶಿಲುಬೆಯ ಬಿಳಿ ಬಾವುಟ ಹಾರಿಸಿ ಇನ್ನೊಮ್ಮೆ ಕೊಂಬು ಊದುತ್ತಾರೆ. ಮುಂದೆ ಹೋದವನು ಅದನ್ನು ಗಮನಿಸಿ ಗೆರೆಯ ಹಿಂದಕ್ಕೆ ಬಂದು ಮತ್ತೆ ಹೊರಡಬೇಕು. ಗಮನಿಸದೆ ಮುಂದುವರಿದರೆ ಎಷ್ಟು ಚೆನ್ನಾಗಿ ಆಡಿದರೂ, ಮೊದಲಿಗನಾಗಿ ಮುಟ್ಟಿದರೂ ಲೆಕ್ಕವಿಲ್ಲ. ಮಕ್ಕಳು ಮತ್ತೆ ಮತ್ತೆ ಗೆರೆ ಮೀರುತ್ತಿದ್ದರೆ ತೀರ್ಪುಗಾರರು ಕಪ್ಪು ಬಾವುಟ ಏರಿಸುತ್ತಾರೆ. ಅದರಡಿ ಕೊನೆಯ ಒಂದು ನಿಮಿಷದಲ್ಲಿ ಗೆರೆ ದಾಟಿದವರಿಗೆ ಮರಳುವ ಅವಕಾಶವೂ ಇರುವುದಿಲ್ಲ. ಆ ಹುಡುಗನಿಗೆ ಇವೆರಡರಲ್ಲಿ ಒಂದು ಆಗಿರಬೇಕು.

ಅಂಕದ ಲೆಕ್ಕ ನಮ್ಮ ಇತರ ಆಟಗಳಿಗೆ ತಿರುವುಮುರುವು. ಮೊದಲ ಸ್ಥಾನಕ್ಕೆ 1, ಎರಡನೆಯದಕ್ಕೆ 2, ಹೀಗೆ. ಕೊನೆಗೆ ಕಡಿಮೆ ಮೊತ್ತದವರು ಗೆಲ್ಲುತ್ತಾರೆ. ನಲವತ್ತು ದೋಣಿಗಳ ಕೂಟದಲ್ಲಿ ಗೆರೆ ಮೀರಿದವನ ಪಾಲಿಗೆ 41 ಬೀಳುತ್ತದೆ. ಹಲವು ಪಂದ್ಯಗಳಾದ ಮೇಲೆ ಪ್ರತಿಯೊಬ್ಬರ ಅತಿ ಕೆಟ್ಟ ಫಲಿತಾಂಶವನ್ನು ಬಿಟ್ಟುಬಿಡುವ ಪದ್ಧತಿಯೂ ಇದೆ. ಹಾಗೆ ಬಿಡದೆ ಎಲ್ಲವನ್ನೂ ಎಣಿಸಿದರೆ, ಎರಡು ಪಂದ್ಯ ಗೆದ್ದು ಮೂರನೆಯದರಲ್ಲಿ ಹದಿನೈದನೆಯವಳಾದ ಹುಡುಗಿಗಿಂತ, ಮೂರರಲ್ಲೂ ನಾಲ್ಕನೆಯವಳಾದವಳು ಮೇಲಿರುತ್ತಾಳೆ.

ನನಗೆ ಈ ಆಟದಲ್ಲಿ ಅತ್ಯಂತ ಪ್ರಿಯವಾದದ್ದು ಅದರ ದಾರಿ ಬಿಡುವ ನಿಯಮ. ಬಲಗಡೆಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ, ಎಡಗಡೆಯಿಂದ ಪಡೆಯುತ್ತಿರುವುದು ದಾರಿ ಬಿಡಬೇಕು. ಎರಡೂ ಒಂದೇ ಓರೆಯಲ್ಲಿ ಅಕ್ಕಪಕ್ಕ ಇದ್ದರೆ ಗಾಳಿಯ ಕಡೆಗಿರುವುದು ಇನ್ನೊಂದಕ್ಕೆ ದಾರಿ ಬಿಡಬೇಕು. ನೀರಿನ ಮೇಲೆ ಸಾಮಾನ್ಯವಾಗಿ ಸೀಟಿ ಊದಿ ತಡೆಯುವ ಅಂಪೈರ್ ಇರುವುದಿಲ್ಲ. ತಪ್ಪಿದೆನೆಂದು ಗೊತ್ತಾದ ಮಗು ತಾನಾಗಿಯೇ ಬದಿಗೆ ಸರಿದು ದೋಣಿಯನ್ನು ಎರಡು ಸುತ್ತು ಸುತ್ತಿಸಿ, ಕಳೆದುಕೊಂಡ ಸ್ಥಾನವನ್ನು ಒಪ್ಪಿಕೊಂಡು ಮುಂದೆ ಹೋಗಬೇಕು. ತೇಲುಗುರುತಿಗೆ ತಾಗಿದ್ದಾದರೆ ಒಂದು ಸುತ್ತು. ಒಪ್ಪದಿದ್ದರೆ ಎದುರಿನವರು 'ಪ್ರೊಟೆಸ್ಟ್' ಎಂದು ಕೂಗಿ ಹೇಳಬಹುದು, ದಡಕ್ಕೆ ಬಂದ ಮೇಲೆ ವಿಚಾರಣೆ ನಡೆಯುತ್ತದೆ. ಹತ್ತು ವರ್ಷದ ಮಕ್ಕಳು ಮೇಜಿನ ಮೇಲೆ ಪುಟ್ಟ ಆಟಿಕೆ ದೋಣಿಗಳನ್ನಿಟ್ಟು, ನಾನು ಇಲ್ಲಿದ್ದೆ, ಗಾಳಿ ಹೀಗಿತ್ತು ಎಂದು ತಮ್ಮ ವಾದ ಮಂಡಿಸುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಒಮ್ಮೆ ಒಬ್ಬ ಹುಡುಗಿ ಎದುರಾಳಿಯ ಮಾತು ಪೂರ್ತಿ ಕೇಳಿ, ಅವನು ಹೇಳಿದ್ದೇ ಸರಿ, ನಾನು ಅವನನ್ನು ನೋಡಿರಲಿಲ್ಲ ಎಂದಳು. ಅಷ್ಟರಲ್ಲಿ ವಿಚಾರಣೆ ಮುಗಿಯಿತು, ಅವಳ ಪದಕವೂ ಹೋಯಿತು. ನಿಯಮ ಪುಸ್ತಕ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕಾರಗೊಳ್ಳುತ್ತದೆ. ಈಗ ನಡೆಯುತ್ತಿರುವುದು 2025ರಿಂದ 2028ರವರೆಗಿನದು. ಅದರ ಮೊದಲ ನಿಯಮ ಮಾತ್ರ ಗೆಲುವಿನ ಮಾತನ್ನೇ ಆಡುವುದಿಲ್ಲ: ಅಪಾಯದಲ್ಲಿರುವ ಯಾರಿಗೇ ಆಗಲಿ ಕೈಲಾದ ಎಲ್ಲ ನೆರವು ನೀಡಬೇಕು ಎನ್ನುತ್ತದೆ.

ನ್ಯೂಜಿಲೆಂಡಿನ ಮಾತಿಗೆ ಬರುತ್ತೇನೆ. ಜನಸಂಖ್ಯೆ 50 ಲಕ್ಷದ ಆಸುಪಾಸಿನ ಆ ದೇಶ ಹಾಯಿದೋಣಿಯ ಹೆಸರಾಂತ ಪಂದ್ಯವಾದ ಅಮೆರಿಕಾಸ್ ಕಪ್ ಅನ್ನು 1995, 2000, 2017, 2021 ಮತ್ತು 2024ರಲ್ಲಿ ಗೆದ್ದಿದೆ. 1851ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದ ಸುತ್ತ ನಡೆದ ಪಂದ್ಯದಿಂದ ಹುಟ್ಟಿದ ಆ ಕಪ್ಪು 132 ವರ್ಷ ಅಮೆರಿಕದವರ ಕೈಯಲ್ಲೇ ಇತ್ತು. 1983ರಲ್ಲಿ ಆಸ್ಟ್ರೇಲಿಯಾ ಅದನ್ನು ಕಿತ್ತುಕೊಂಡಿತು. ನ್ಯೂಜಿಲೆಂಡಿನ ಗೆಲುವಿಗೆ ಕರಾವಳಿಯ ಉದ್ದವೇ ಕಾರಣ ಎಂದು ನಾನು ನಂಬುವುದಿಲ್ಲ, ಏಕೆಂದರೆ 7,500 ಕಿಲೋಮೀಟರಿಗೂ ಮೀರಿದ ಕರಾವಳಿ ನಮಗೂ ಇದೆ. ಅಲ್ಲಿ ಊರೂರಿಗೂ ಸಣ್ಣ ದೋಣಿಯ ಕ್ಲಬ್ಬುಗಳಿವೆ. ತಂದೆ ತಾಯಿಯರೇ ರಕ್ಷಣಾ ದೋಣಿ ಓಡಿಸುತ್ತಾರೆ, ಬಾವುಟ ಏರಿಸುತ್ತಾರೆ. ಆಕ್ಲೆಂಡ್ ನಗರ ಸ್ಥಾಪನೆಯಾದ 1840ರಲ್ಲೇ ಅಲ್ಲಿ ದೋಣಿ ಪಂದ್ಯ ನಡೆದಿತ್ತು. ಏಳು ಅಡಿಯ 'ಪಿ ಕ್ಲಾಸ್' ಎಂಬ ಮಕ್ಕಳ ದೋಣಿಯಲ್ಲಿ ತಲೆಮಾರುಗಳೇ ಕಲಿತಿವೆ. 2017ರಿಂದ ಮೂರು ಸಲ ಆ ತಂಡದ ಚುಕ್ಕಾಣಿ ಹಿಡಿದು ಗೆದ್ದ ಪೀಟರ್ ಬರ್ಲಿಂಗ್ ಬಾಲ್ಯದಲ್ಲಿ ಆರಂಭಿಸಿದ್ದು, ನಿಮ್ಮ ಮಗಳು ಹುಸೇನ್ ಸಾಗರದಲ್ಲಿ ನೋಡಿದಂಥದೇ ಆಪ್ಟಿಮಿಸ್ಟ್ ಎಂಬ ಮಕ್ಕಳ ದೋಣಿಯಲ್ಲಿ.

ಸಮುದ್ರವೇ ಇಲ್ಲದ ಸ್ವಿಟ್ಜರ್ಲೆಂಡಿನ ಅಲಿಂಗಿ ತಂಡ 2003ರಲ್ಲಿ ಇದೇ ನ್ಯೂಜಿಲೆಂಡನ್ನು ಆಕ್ಲೆಂಡಿನ ನೀರಿನಲ್ಲೇ 5–0ಯಿಂದ ಸೋಲಿಸಿ ಕಪ್ಪನ್ನು ಜಿನೀವಾ ಸರೋವರದ ದಂಡೆಯ ಕ್ಲಬ್ಬಿಗೆ ಒಯ್ದಿತು. ಆ ತಂಡವನ್ನು ನಡೆಸಿದ ರಸೆಲ್ ಕೌಟ್ಸ್ ಮೂಲತಃ ನ್ಯೂಜಿಲೆಂಡಿನವರೇ, 1995ರಲ್ಲಿ ಆ ದೇಶಕ್ಕೆ ಕಪ್ಪು ಗೆದ್ದುಕೊಟ್ಟವರೇ. ಆದ್ದರಿಂದ ಈ ಉದಾಹರಣೆಯನ್ನು ತೀರಾ ಜಗ್ಗಬಾರದು. 2007ರಲ್ಲಿ ಕಪ್ಪನ್ನು ಉಳಿಸಿಕೊಳ್ಳುವ ಪಂದ್ಯವನ್ನು, ಸ್ವಂತ ಸಮುದ್ರವಿಲ್ಲದ ಅಲಿಂಗಿ ತಂಡ ಸ್ಪೇನಿನ ವೆಲೆನ್ಸಿಯಾದಲ್ಲಿ ಆಡಬೇಕಾಯಿತು.

ನಿಮ್ಮ ಮಗಳಿಗೆ ಹೇಳಬೇಕಾದ ಉದಾಹರಣೆ ಇನ್ನೂ ಹತ್ತಿರದಲ್ಲಿದೆ. ಮಧ್ಯಪ್ರದೇಶಕ್ಕೆ ನಮ್ಮ ಕಲಬುರಗಿಯಂತೆಯೇ ಕರಾವಳಿಯಿಲ್ಲ. ಅಲ್ಲಿನ ದೇವಾಸ್ ಜಿಲ್ಲೆಯ ರೈತ ಕುಟುಂಬದ ನೇಹಾ ಠಾಕೂರ್ ಭೋಪಾಲಿನ ದೊಡ್ಡ ಕೆರೆಯಲ್ಲಿ ಕಲಿತು, 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬಾಲಕಿಯರ ಐಎಲ್‌ಸಿಎ 4 ಎಂಬ, ಒಬ್ಬರೇ ನಡೆಸುವ ಸಣ್ಣ ದೋಣಿಯ ವಿಭಾಗದ ಬೆಳ್ಳಿ ಗೆದ್ದಾಗ ಆಕೆಗೆ ಹದಿನೇಳು ವರ್ಷ. ಅದಕ್ಕೂ ಮುಂಚೆ, 2018ರ ಜಕಾರ್ತಾ ಕೂಟದಲ್ಲಿ, ಅದೇ ಕೆರೆಯಲ್ಲಿ ಕಲಿತ ಹರ್ಷಿತಾ ತೋಮರ್ ಕಂಚು ಗೆದ್ದಿದ್ದರು.

ಕೆರೆಯ ಗಾಳಿ ಸಮುದ್ರದ ಗಾಳಿಯಷ್ಟು ನಿಯತ್ತಿನದಲ್ಲ. ಹುಸೇನ್ ಸಾಗರದ ಸುತ್ತ ಕಟ್ಟಡಗಳಿವೆ, ಗುಡ್ಡಗಳಿವೆ, ನಡುವೆ ಬುದ್ಧನ ಪ್ರತಿಮೆಯ ಬಂಡೆಯಿದೆ. ಮುಂಗಾರಿನ ಪಡುವಣ ಗಾಳಿ ಇವುಗಳ ಸಂದಿಯಿಂದ ನುಸುಳಿ ಬರುವಾಗ ನಿಮಿಷಕ್ಕೊಮ್ಮೆ ದಿಕ್ಕು ಹೊರಳಿಸುತ್ತದೆ. ಹತ್ತು ಡಿಗ್ರಿ ಹೊರಳಿದ್ದನ್ನು ಮೊದಲು ಗಮನಿಸಿ ಟ್ಯಾಕ್ ಮಾಡಿದ ಮಗು ನೋಡನೋಡುತ್ತಲೇ ಹತ್ತು ದೋಣಿ ಮುಂದಿರುತ್ತದೆ. ಹೀಗೆ ಬೆಳೆದವರಿಗೆ ಗಾಳಿ ಓದುವ ಕಣ್ಣು ಬಹಳ ಚುರುಕು. ಆದರೆ ಅಲೆಯ ಬೆನ್ನೇರಿ ಜಾರುವುದು, ಉಬ್ಬರವಿಳಿತದ ಸೆಳವನ್ನು ಲೆಕ್ಕ ಹಾಕುವುದು, ಗಂಟೆಗಟ್ಟಲೆ ಒಂದೇ ಬಿರುಗಾಳಿಯಲ್ಲಿ ಹೊಟ್ಟೆಯ ಸ್ನಾಯು ಬಿಗಿಹಿಡಿದು ದೋಣಿಯ ಹೊರಕ್ಕೆ ಬಾಗಿರುವುದು, ಇವುಗಳನ್ನು ಕೆರೆ ಕಲಿಸುವುದಿಲ್ಲ. ನನ್ನ ಮೊದಲ ಮುಂಬೈ ಪಂದ್ಯದಲ್ಲಿ ಎದುರು ಗಾಳಿಯ ಹಾದಿಯನ್ನು ಮೂರನೆಯವನಾಗಿ ಮುಗಿಸಿ, ಅಲೆಗಳ ಮೇಲೆ ಹಿಂದಿರುಗುವಾಗ ಇಪ್ಪತ್ತನೆಯವನಾದೆ. ಚೆನ್ನೈನ ಸಮುದ್ರದಲ್ಲಿ ಬೆಳೆದ ನೇತ್ರಾ ಕುಮನನ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ಭಾರತದ ಮೊದಲ ಮಹಿಳಾ ಹಾಯಿಪಟು. ಟೋಕಿಯೊದಲ್ಲಿ 35ನೆಯವರಾದ ಅವರು 2024ರ ಪ್ಯಾರಿಸ್ ಕೂಟದ ಮಾರ್ಸೆ ಸಮುದ್ರದಲ್ಲಿ 21ಕ್ಕೆ ಏರಿದರು. ಸೈನ್ಯದ ವಿಷ್ಣು ಸರವಣನ್ ಅದೇ ಕೂಟದಲ್ಲಿ 18ನೆಯವರಾದರು. ಕೊನೆಯ ಪದಕ ಪಂದ್ಯಕ್ಕೆ ಮೊದಲ ಹತ್ತು ಮಂದಿಗೆ ಮಾತ್ರ ಪ್ರವೇಶ. ನಮ್ಮವರಿಗೂ ಆ ಹತ್ತಕ್ಕೂ ಇರುವ ಅಂತರ ಕಡಲಿನಲ್ಲಿ ಕಳೆಯುವ ವರ್ಷಗಳದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೀಗಾಗಿ ಮಗಳು ಹದಿನೈದಕ್ಕೂ ಇದೇ ಹಟದಲ್ಲಿದ್ದರೆ ಮುಂಬೈ ಅಥವಾ ಚೆನ್ನೈಗೆ ಕಳಿಸುವ ಪ್ರಶ್ನೆ ನಿಮ್ಮೆದುರು ಬರುತ್ತದೆ. ಅದನ್ನು ಆಗ ನಿರ್ಧರಿಸಿದರೆ ಸಾಕು.

ಈಗ ಮಾಡಬೇಕಾದದ್ದು ಈಜು. ಬಟ್ಟೆಯ ಸಮೇತ ಐವತ್ತು ಮೀಟರ್ ಗಾಬರಿಯಿಲ್ಲದೆ ಈಜಬಲ್ಲಳಾದರೆ ಉಳಿದದ್ದೆಲ್ಲ ಸುಲಭ. ಅನಂತರ ಹೈದರಾಬಾದು. ನಮ್ಮ ನಿಲ್ದಾಣದಲ್ಲಿ ನಿಲ್ಲುವ ಒಂದು ರೈಲಿಗೆ ಆ ಕೆರೆಯದೇ ಹೆಸರು. ದಾರಿ 220 ಕಿಲೋಮೀಟರಿನ ಆಸುಪಾಸು, ಬೀದರಿನವರಿಗೆ ಇನ್ನೂ ಕಡಿಮೆ. ಹುಸೇನ್ ಸಾಗರದಲ್ಲಿ ಸೈನ್ಯದ ಇಎಂಇ ಸೇಲಿಂಗ್ ಅಸೋಸಿಯೇಷನ್ ಇದೆ, ಯಾಟ್ ಕ್ಲಬ್ ಆಫ್ ಹೈದರಾಬಾದ್ ಇದೆ. ಎರಡನೆಯದು ಬಡ ಕುಟುಂಬಗಳ ಮಕ್ಕಳಿಗೂ ಕಲಿಸಿ ರಾಷ್ಟ್ರಮಟ್ಟದ ಪಂದ್ಯಗಳಿಗೆ ಕಳಿಸಿದೆ. ಬೆಂಗಳೂರಿನಲ್ಲಿ ನೆಂಟರಿದ್ದರೆ ಹಲಸೂರು ಕೆರೆಯಲ್ಲಿ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತೃಷ್ಣಾ ಕ್ಲಬ್ ಇದೆ. ಬೇಸಿಗೆ ರಜೆಯ ಆರಂಭಿಕ ಶಿಬಿರದ ಬಗ್ಗೆ ಅಲ್ಲೇ ವಿಚಾರಿಸಿ. ದೋಣಿ ಕೊಳ್ಳುವ ಯೋಚನೆ ಬೇಡ, ಮೊದಲ ಒಂದೆರಡು ವರ್ಷ ಕ್ಲಬ್ಬಿನ ದೋಣಿಯೇ ಸರಿ. ಆಪ್ಟಿಮಿಸ್ಟ್ 2.3 ಮೀಟರ್ ಉದ್ದದ, 35 ಕಿಲೋ ತೂಕದ, ಮುಂದೆ ಮೊಂಡಾದ ಪುಟ್ಟ ದೋಣಿ. ಒಬ್ಬ ಮಗುವಿಗೆಂದೇ ಮಾಡಿದ್ದು. ಅದು ಬೇಗ ಮಗುಚುತ್ತದೆ. ಒಳಗೆ ಗಾಳಿ ತುಂಬಿದ ಮೂರು ಚೀಲಗಳು ಇರುವುದರಿಂದ ಮುಳುಗುವುದಿಲ್ಲ. ಮಗುಚಿದ ದೋಣಿಯ ಹೊಟ್ಟೆಯಿಂದ ಚಾಚಿಕೊಂಡ ಹಲಗೆಯ ಮೇಲೆ ಹತ್ತಿ ನಿಂತು, ಅಂಚು ಹಿಡಿದು ಹಿಂದಕ್ಕೆ ವಾಲಿದರೆ ದೋಣಿ ಎದ್ದು ನಿಲ್ಲುತ್ತದೆ. ಬಳಿಕ ಕತ್ತರಿಸಿದ ಪ್ಲಾಸ್ಟಿಕ್ ಡಬ್ಬಿಯಿಂದ ನೀರು ಮೊಗೆದು ಚೆಲ್ಲಬೇಕು. ಮೊದಲ ದಿನವೇ ಇದನ್ನು ಮಾಡಿಸದ ಗುರುವಿನ ಬಳಿ ಮಗಳನ್ನು ಬಿಡಬೇಡಿ. ಮೂರನೆಯ ಸಲ ತಾನೇ ಎತ್ತಿ ನಿಲ್ಲಿಸಿದ ಮಗುವಿನ ಮುಖದಿಂದ ನೀರಿನ ಭಯ ಅಳಿಸಿಹೋಗುವುದನ್ನು ನೀವೇ ಕಾಣುವಿರಿ.

ನಮ್ಮಲ್ಲೇ ಕಾರಂಜಾ ಜಲಾಶಯ ಇದೆ, ಬಸವಸಾಗರ ಜಲಾಶಯ ಇದೆ, ಇಲ್ಲೇ ಏಕೆ ಕಲಿಸಬಾರದು ಎಂದು ನೀವು ಕೇಳಬಹುದು. ಆ ಆಸೆ ನನ್ನದೂ ಹೌದು. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಜಲಾಶಯದ ಬೇಸಿಗೆ ಶಿಬಿರಕ್ಕೆ ನನ್ನನ್ನು ಕರೆದಿದ್ದರು. ಹೋಗಿ ನೋಡಿದರೆ ಇಪ್ಪತ್ತೆರಡು ಮಕ್ಕಳಿಗೆ ಒಂಬತ್ತು ಲೈಫ್ ಜಾಕೆಟ್, ಅದರಲ್ಲಿ ಮೂರಕ್ಕೆ ಬಕಲ್ ಇಲ್ಲ. ರಕ್ಷಣಾ ದೋಣಿಯ ಎಂಜಿನ್ ಹಿಂದಿನ ದಿನವೇ ಕೆಟ್ಟಿತ್ತು. ಒಂದು ಮಗುವನ್ನೂ ನೀರಿಗೆ ಇಳಿಸದೆ, ಇಡೀ ಬೆಳಗು ದಂಡೆಯ ಮೇಲೆ ಗಂಟು ಹಾಕುವುದನ್ನು ಕಲಿಸಿ ಮರಳಿದೆ. ಸಂಘಟಕರಿಗೆ ಬೇಸರವಾಯಿತು, ನನಗೆ ಆಗಲಿಲ್ಲ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮರಗಳ ಬೊಡ್ಡೆಗಳಿರುತ್ತವೆ, ಮೀನುಬಲೆಗಳಿರುತ್ತವೆ, ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಓಡುವ ರಕ್ಷಣಾ ದೋಣಿ ಮತ್ತು ಮಗುವಿಗೊಂದು ಸರಿಯಾದ ಜಾಕೆಟ್ ಇಲ್ಲದ ಜಾಗಕ್ಕೆ, ಅದು ಎಷ್ಟೇ ಹತ್ತಿರವಿದ್ದರೂ ಕಳಿಸಬೇಡಿ.

ಶಿಬಿರಕ್ಕೆ ಇನ್ನೂ ತಿಂಗಳುಗಳಿದ್ದರೆ ಮಗಳಿಗೆ ಒಂದು ಕೆಲಸ ಕೊಡಿ. ದಿನಾ ಸಂಜೆ ಐದೂವರೆಗೆ ಮಾಳಿಗೆ ಹತ್ತಿ, ಕೋಲಿಗೆ ಕಟ್ಟಿದ ಉಲ್ಲನ್ ಎಳೆಯನ್ನು ಹತ್ತು ನಿಮಿಷ ನೋಡಿ, ಗಾಳಿ ಯಾವ ದಿಕ್ಕಿನಿಂದ ಬಂತು, ಎಷ್ಟು ಸಲ ಹೊರಳಿತು, ಹೊರಳುವ ಮೊದಲು ಆಚೆಯ ಬೇವಿನ ಮರದ ಎಲೆಗಳು ಏನು ಮಾಡಿದವು ಎಂಬುದನ್ನು ನೋಟುಪುಸ್ತಕದಲ್ಲಿ ಬರೆದಿಡಲಿ. ಶಿಬಿರಕ್ಕೆ ಹೋಗುವಾಗ ಆ ಪುಸ್ತಕವನ್ನು ಕೊಂಡೊಯ್ದು ಗುರುವಿಗೆ ತೋರಿಸಲಿ. ಕನ್ನಡಕ ಇದ್ದರೆ ಅದಕ್ಕೊಂದು ದಾರ ಕಟ್ಟುವುದನ್ನು ಮರೆಯಬೇಡಿ.